ಕಾಳಜಿ ಕೇಂದ್ರದಲ್ಲಿ ರೋಗ ಹರಡದಂತೆ ನೋಡಿಕೊಳ್ಳುವುದು ಹೇಗೆ?

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೇ ಉಕ್ಕಿ ಹರಿದವು. ಬೆಳಗಾವಿ, ಬಾಗಲಕೋಟೆ ಕಡೆಯ ಎಷ್ಟೋ ಊರಿನವರು ಮನೆ ಬಿಟ್ಟು ಕಾಳಜಿ ಕೇಂದ್ರ, ಅಂದರೆ ನೆರೆ ಸಂತ್ರಸ್ತರ ತಾತ್ಕಾಲಿಕ ಶಿಬಿರ, ಸೇರಬೇಕಾಯಿತು. ಇಂಥ ಹೊತ್ತಿನಲ್ಲಿ ರೊಟ್ಟಿ, ಚಾದರ, ಹಳೆ ಬಟ್ಟೆ ಕೊಡಲು ಜನ ಮುಂದೆ ಬರುತ್ತಾರೆ. ಒಳ್ಳೆಯದೇ. ಆದರೆ ಮುಚ್ಚಳ ಇರುವ ಕೊಡ, ಸೋಪು, ಬ್ಲೀಚಿಂಗ್ ಪೌಡರ್ ಕೂಡ ಅಷ್ಟೇ ಬೇಕು. ವಾಂತಿ-ಭೇದಿ, ಕಾಮಾಲೆ, ಟೈಫಾಯ್ಡ್ ಹರಡುವುದು ಹೊಲಸು ನೀರಿನಿಂದ. ನೀವು ಸ್ವಯಂಸೇವಕರಾಗಿ ಹೋದರೆ ಮೊದಲು ನೀರು ನೋಡಿ, ಉಳಿದದ್ದು ಆಮೇಲೆ.

ಬಾವಿ ನೀರು ಶುದ್ಧ ಮಾಡುವುದು

ಊರಿಗೆ ನೀರು ಬಿಡುವ ನೀರುಗಂಟಿಯನ್ನು ಜೊತೆಗೆ ಕರೆದುಕೊಳ್ಳಿ. ಬಾವಿಯ ಅಗಲ, ನೀರಿನ ಆಳ ಅವರಿಗೆ ಗೊತ್ತಿರುತ್ತದೆ. 1000 ಲೀಟರಿಗೆ ಸುಮಾರು 2.5 ಗ್ರಾಂ ಹೊಸ ಬ್ಲೀಚಿಂಗ್ ಪೌಡರ್ ಸಾಮಾನ್ಯ ಲೆಕ್ಕ. 3 ಮೀಟರ್ ಅಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಅದು ಸುಮಾರು 28,000 ಲೀಟರ್, ಅಂದರೆ 70 ಗ್ರಾಂ ಪುಡಿ.

ಪುಡಿಯನ್ನು ಹಾಗೇ ಬಾವಿಗೆ ಎರಚಬೇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ. ಮುಕ್ಕಾಲು ಬಕೆಟ್ ನೀರು ತುಂಬಿ ಕದಡಿ, ಐದರಿಂದ ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟ್‌ಗೆ ಬಗ್ಗಿಸಿ, ಸುಣ್ಣ ಅಲ್ಲೇ ಬಿಡಿ. ಅದು ಬಾವಿಗೆ ಬಿದ್ದರೆ ನೀರು ಗಡಸಾಗುತ್ತದೆ. ತಿಳಿ ಇರುವ ಬಕೆಟ್ ಹಗ್ಗಕ್ಕೆ ಕಟ್ಟಿ, ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಜಗ್ಗಾಡಿ. ಒಂದು ಗಂಟೆ ಯಾರೂ ನೀರು ಸೇದಬಾರದು. ಆಮೇಲೆ ಆರೋಗ್ಯ ಸಿಬ್ಬಂದಿಯಿಂದ ಪರೀಕ್ಷೆ ಮಾಡಿಸಿ. ಪುಡಿಯಿಂದ ಬಂದ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ಉಳಿದಿರಬೇಕು. ನೆರೆ ನೀರು ನುಗ್ಗಿದ ಬಾವಿಗೆ ಪುಡಿ ಜಾಸ್ತಿಯೇ ಬೇಕಾಗಬಹುದು. ರಾಡಿ ನೀರಿನಲ್ಲಿ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಮೊದಲು ಕೆಸರು ನೀರು ಹೊರಹಾಕಿಸಿ.

ಇಷ್ಟೆಲ್ಲ ಆಗುವವರೆಗೆ ಟ್ಯಾಂಕರ್ ನೀರನ್ನೂ ಬಟ್ಟೆಯಲ್ಲಿ ಸೋಸಿ, ಕುದಿಸಿಯೇ ಕುಡಿಯಿರಿ.

ಶೌಚಾಲಯ

ಕೇಂದ್ರ ಶಾಲೆಯಲ್ಲಿದ್ದರೆ ಅಲ್ಲಿನ ಎರಡು-ಮೂರು ಶೌಚಾಲಯ ನೂರಾರು ಜನರಿಗೆ ಸಾಲುವುದಿಲ್ಲ. 20 ಜನರಿಗೆ ಒಂದಾದರೂ ಇರಬೇಕು. ಹೆಂಗಸರದ್ದು ಬೇರೆ ಇರಲಿ, ಒಳಗೆ ಚಿಲಕ, ಹೊರಗೆ ಬೆಳಕು ಇರಲಿ. ಕತ್ತಲಿಗೆ ಹೆದರಿ ನೀರು ಕುಡಿಯುವುದನ್ನೇ ಬಿಡುವ ಹೆಣ್ಣುಮಕ್ಕಳಿದ್ದಾರೆ. ಇದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಬೇಡಿ. ಬಾಗಿಲಲ್ಲೇ ನೀರು, ಸೋಪು ಇಡಿ.

ಭೇದಿ ಶುರುವಾದರೆ

ಒಆರ್‌ಎಸ್ (ಭೇದಿಯಾದವರಿಗೆ ನೀರಲ್ಲಿ ಕಲಸಿ ಕುಡಿಸುವ ಉಪ್ಪು-ಸಕ್ಕರೆ ಪುಡಿ) ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ ಒಂದು ಲೀಟರಿಗೆ, ಇಡೀ ಪೊಟ್ಟಣ ಹಾಕಿ. ಪೊಟ್ಟಣ ಇಲ್ವಾ? ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಮಟ್ಟ ಇರಲಿ, ಉಪ್ಪು ಜಾಸ್ತಿಯಾದರೆ ಮಗುವಿಗೆ ಅಪಾಯ. ಎದೆಹಾಲು ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಒಂದೇ ದಿನ ನಾಲ್ಕಾರು ಜನರಿಗೆ ಭೇದಿಯಾದರೆ ತಕ್ಷಣ ಆಶಾ ಕಾರ್ಯಕರ್ತೆಗೆ ತಿಳಿಸಿ.

ಮಾತ್ರೆ ಬಿಟ್ಟು ಬಂದವರು

ಬಿಪಿ, ಸಕ್ಕರೆ ಕಾಯಿಲೆ, ಕ್ಷಯದ ಮಾತ್ರೆ ಮನೆಯಲ್ಲೇ ಉಳಿದಿರುತ್ತವೆ. ಹಿರಿಯರು ತಾವಾಗಿ ಹೇಳುವುದಿಲ್ಲ. "ಅಜ್ಜಾ, ಗುಳಿಗಿ ತಂದೀರೇನ್ರಿ?" ಅಂತ ನೀವೇ ಕೇಳಿ, ಪಟ್ಟಿ ಮಾಡಿ ವೈದ್ಯರಿಗೆ ಕೊಡಿ. ಗರ್ಭಿಣಿಯರ ಹೆಸರು, ಹೆರಿಗೆಯ ಅಂದಾಜು ದಿನ ಕೂಡ ಅದರಲ್ಲಿರಲಿ.

ಮನೆಗೆ ಮರಳುವಾಗ

ಗಮ್‌ಬೂಟು ಹಾಕಿ, ಕೋಲು ಹಿಡಿದೇ ಕೆಸರಿಗೆ ಇಳಿಯಿರಿ. ಹಾವು ಒಳಗೆ ಸೇರಿರಬಹುದು. ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಅಷ್ಟರಲ್ಲೇ ಡೆಂಗಿ ಸೊಳ್ಳೆ ಬೆಳೆದುಬಿಡುತ್ತದೆ. ಕಾಲಲ್ಲಿ ಗಾಯ ಇದ್ದರೆ, ಇಲಿ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರದ ಭಯವೂ ಇದೆ. ಮುಂದಿನ ಎರಡು-ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪು ಕಾಣಿಸಿದರೆ ಆಸ್ಪತ್ರೆಗೆ ಹೋಗಿ, ನೆರೆ ನೀರಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.