ವಿದೇಶದಿಂದ ತರಿಸಿದ ಆರ್‌ಸಿ ವಿಮಾನ: ಮೊದಲ ಹಾರಾಟಕ್ಕೆ ಮುಂಚೆ

ನನ್ನ ಮೊದಲ ಆರ್‌ಸಿ (ರೇಡಿಯೋ ರಿಮೋಟಿನಿಂದ ಹಾರಿಸುವ) ವಿಮಾನವನ್ನು ಅಮೆರಿಕದಲ್ಲಿರುವ ಭಾವ ಸೂಟ್‌ಕೇಸಿನಲ್ಲಿ ತಂದುಕೊಟ್ಟರು. ಎರಡನೇ ದಿನವೇ ಪ್ರೊಪೆಲರ್ ಮುರಿಯಿತು. ಅದೇ ಅಳತೆಯದು ಊರಿನ ಅಂಗಡಿಗಳಲ್ಲಿ ಸಿಗಲಿಲ್ಲ. ಹೊರಗಿನಿಂದ ತರಿಸಲು ಐದು ವಾರ ಹಿಡಿಯಿತು. ಅಷ್ಟೂ ದಿನ ವಿಮಾನ ಅಟ್ಟದ ಮೇಲಿತ್ತು. ಹಾಗಾಗಿ ಯಾರು ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ: ವಿಮಾನದ ಜೊತೆಗೇ ಎರಡು ಪ್ರೊಪೆಲರ್, ಒಂದು ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಅಲುಗಾಡಿಸುವ ಪುಟ್ಟ ಮೋಟಾರು), ಸಾಧ್ಯವಾದರೆ ಒಂದು ಜೋಡಿ ರೆಕ್ಕೆ ಕೂಡ ತರಿಸಿಕೊಳ್ಳಿ.

ಯಾವುದನ್ನು ಕೊಳ್ಳಬೇಕು?

ಫೈಟರ್ ಜೆಟ್ ನೋಡಲು ಚೆಂದ, ಆದರೆ ಕಲಿಯಲು ಆಗುವುದಿಲ್ಲ. ರೆಕ್ಕೆ ಮೇಲ್ಗಡೆ ಇರುವ ಟ್ರೈನರ್ ವಿಮಾನ ಬೇಕು. ಮೈಯೆಲ್ಲ ಇಪಿಒ ಎಂಬ, ಸುಲಭವಾಗಿ ಮುರಿಯದ ಫೋಮ್ ಇರಲಿ. ಪ್ರೊಪೆಲರ್ ರೆಕ್ಕೆಯ ಹಿಂದೆ ಇದ್ದರೆ ಇನ್ನೂ ಒಳ್ಳೆಯದು, ಮೂಗು ನೆಲಕ್ಕೆ ಬಡಿದರೂ ಅದು ಉಳಿಯುತ್ತದೆ. ಹಾಬಿಝೋನ್ ಏರೋಸ್ಕೌಟ್ ಇಂಥದ್ದು, ಎರಡೂ ರೆಕ್ಕೆ ಸೇರಿ ಉದ್ದ ಸುಮಾರು 1.1 ಮೀಟರ್. ವೊಲಾಂಟೆಕ್ಸ್‌ನ ಸ್ಪೋರ್ಟ್ ಕಬ್ ಅರ್ಧ ಮೀಟರಿನದು, ಬೆಲೆ ಕಡಿಮೆ. ಆದರೆ ಅಷ್ಟು ಹಗುರವಾದದ್ದನ್ನು ಸ್ವಲ್ಪ ಗಾಳಿಯೂ ಎಳೆದುಕೊಂಡು ಹೋಗುತ್ತದೆ.

ಪೆಟ್ಟಿಗೆಯ ಮೇಲಿನ ಮೂರು ಅಕ್ಷರ ಗಮನಿಸಿ. ಆರ್‌ಟಿಎಫ್ ಅಂದರೆ ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿಯುವ ರಿಮೋಟ್) ಸೇರಿ ಹಾರಿಸಲು ಬೇಕಾದದ್ದು ಜೊತೆಗೇ ಬರುತ್ತದೆ. ಬಿಎನ್‌ಎಫ್‌ನಲ್ಲಿ ಟ್ರಾನ್ಸ್‌ಮಿಟರ್ ಇರುವುದಿಲ್ಲ. ಪಿಎನ್‌ಪಿಯಲ್ಲಿ ವಿಮಾನದೊಳಗೆ ಸಂಕೇತ ಹಿಡಿಯುವ ರಿಸೀವರ್ ಕೂಡ ಇರುವುದಿಲ್ಲ. ಮೊದಲ ಸಲಕ್ಕೆ ಆರ್‌ಟಿಎಫ್ ಸಾಕು. ಟ್ರಾನ್ಸ್‌ಮಿಟರ್ 'ಮೋಡ್ 2' ಅಂತ ಖಚಿತ ಮಾಡಿಕೊಳ್ಳಿ, ಅದರಲ್ಲಿ ಥ್ರಾಟಲ್, ಅಂದರೆ ಮೋಟಾರಿನ ವೇಗದ ಸ್ಟಿಕ್, ಎಡಗೈಗೆ ಬರುತ್ತದೆ. ಮೋಡ್ 1ರಲ್ಲಿ ಅದು ಬಲಗೈಗೆ. ನಮ್ಮಲ್ಲಿ ಹೆಚ್ಚಿನವರು ಹಾರಿಸುವುದು ಮೋಡ್ 2ರಲ್ಲೇ. ನಾಳೆ ಯಾರಾದರೂ ಕಲಿಸಿಕೊಡಬೇಕಾದರೆ ಕೈ ಹೊಂದಬೇಕಲ್ವಾ? ಚಾರ್ಜರ್ ಮೇಲೆ 100-240 ವೋಲ್ಟ್ ಎಂದು ಬರೆದಿದೆಯಾ ನೋಡಿ. ಬರೀ 110 ವೋಲ್ಟಿನದು ನಮ್ಮ ಪ್ಲಗ್ಗಿಗೆ ಹಾಕಿದರೆ ಸುಡುತ್ತದೆ.

ಕಸ್ಟಮ್ಸ್ ಮತ್ತು ಬ್ಯಾಟರಿ

2022ರ ಫೆಬ್ರುವರಿ 9ರಿಂದ ಸಿದ್ಧ ಡ್ರೋನ್‌ಗಳನ್ನು ಭಾರತಕ್ಕೆ ತರಿಸುವುದಕ್ಕೆ ನಿಷೇಧವಿದೆ, ಬಿಡಿ ಭಾಗಗಳಿಗೆ ಇಲ್ಲ. ನಿಮ್ಮ ವಿಮಾನ ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ದುಡ್ಡು ಕಟ್ಟುವ ಮುಂಚೆಯೇ ಕೊರಿಯರ್‌ನವರನ್ನೂ ಕಸ್ಟಮ್ಸ್‌ನವರನ್ನೂ ಕೇಳಿ. ಸುಂಕಕ್ಕೂ ಹಣ ತೆಗೆದಿಡಿ. ಈ ವಿಮಾನಗಳ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಸಾಗಿಸಲು ಕಟ್ಟುನಿಟ್ಟು ಜಾಸ್ತಿ, ಅದನ್ನು ಇಲ್ಲೇ ಕೊಳ್ಳುವುದು ಸುಲಭ. ನೆಂಟರು ತರುವುದಾದರೆ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಸೂಟ್‌ಕೇಸಿಗೆ ಹಾಕುವ ಹಾಗಿಲ್ಲ.

ಮೇಜಿನ ಮೇಲೆ ಒಂದು ಗಂಟೆ

ಪೆಟ್ಟಿಗೆ ಒಡೆದ ಕೂಡಲೇ ಮೈದಾನಕ್ಕೆ ಓಡಬೇಡಿ. ಮೊದಲು ಪ್ರೊಪೆಲರ್ ಬಿಚ್ಚಿಡಿ. ಟ್ರಾನ್ಸ್‌ಮಿಟರ್ ಯಾವಾಗಲೂ ಮೊದಲು ಆನ್, ಕೊನೆಗೆ ಆಫ್. ಥ್ರಾಟಲ್ ಪೂರ್ತಿ ಕೆಳಗಿರಲಿ, ಆಮೇಲೆ ವಿಮಾನಕ್ಕೆ ಬ್ಯಾಟರಿ ಜೋಡಿಸಿ.

ಈಗ ವಿಮಾನದ ಹಿಂದೆ ನಿಂತುಕೊಳ್ಳಿ. ಬಲಗೈ ಸ್ಟಿಕ್ಕನ್ನು ಬಲಕ್ಕೆ ತಳ್ಳಿದರೆ ಬಲರೆಕ್ಕೆಯ ಪಟ್ಟಿ ಮೇಲೇಳಬೇಕು, ಎಡದ್ದು ಇಳಿಯಬೇಕು. ಅದೇ ಸ್ಟಿಕ್ಕನ್ನು ನಿಮ್ಮ ಕಡೆ ಎಳೆದರೆ ಬಾಲದ ಅಡ್ಡಪಟ್ಟಿ ಮೇಲೇಳಬೇಕು. ಗೈರೋ (ವಿಮಾನವನ್ನು ತಾನಾಗಿ ಸಮ ಮಾಡುವ ಸಾಧನ) ಇದ್ದರೆ ಅದನ್ನು ಆನ್ ಮಾಡಿ ವಿಮಾನವನ್ನು ಕೈಯಲ್ಲಿ ಬಲಕ್ಕೆ ವಾಲಿಸಿ, ಬಲರೆಕ್ಕೆಯ ಪಟ್ಟಿ ಕೆಳಗಿಳಿಯಬೇಕು. ಇದರಲ್ಲಿ ಒಂದು ತಿರುಗುಮುರುಗಾಗಿದ್ದರೂ ವಿಮಾನ ಕೆಲವೇ ಸೆಕೆಂಡಿನಲ್ಲಿ ನೆಲ ಕಾಣುತ್ತದೆ. ನಾನು ಇವತ್ತಿಗೂ ಪ್ರತಿ ಹಾರಾಟಕ್ಕೆ ಮುಂಚೆ ಇದನ್ನು ಬಿಡದೆ ನೋಡುತ್ತೇನೆ.

ಆಮೇಲೆ ತೂಕದ ಸಮತೋಲ. ಕೈಪಿಡಿಯಲ್ಲಿ ಹೇಳಿದ ಜಾಗದಲ್ಲಿ ಎರಡೂ ರೆಕ್ಕೆಯ ಅಡಿಗೆ ಬೆರಳಿಟ್ಟು ಎತ್ತಿ. ಮೂಗು ತುಸು ತಗ್ಗಿದರೆ ಸರಿ. ಬಾಲ ಜಗ್ಗಿದರೆ ಬ್ಯಾಟರಿ ಮುಂದಕ್ಕೆ ಸರಿಸಿ.

ಜಾಗ ಮತ್ತು ಹೊತ್ತು

2021ರ ಡ್ರೋನ್ ನಿಯಮಗಳು ರಿಮೋಟ್ ವಿಮಾನಕ್ಕೂ ಅನ್ವಯಿಸುತ್ತವೆ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಜಾಗ ಹಸಿರು ಇರಬೇಕು, ಎತ್ತರ 120 ಮೀಟರ್ ದಾಟಬಾರದು. ನೋಂದಣಿಯ ನಿಯಮವನ್ನೂ ಓದಿಕೊಳ್ಳಿ. ಬೆಂಗಳೂರಿನಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ವಿಮಾನ ನಿಲ್ದಾಣಗಳೆಲ್ಲ ಇರುವುದರಿಂದ ಊರಾಚೆ ಹೋಗುವುದೇ ಸರಿ. ರಾಗಿ ಕೊಯ್ಲಾದ ಹೊಲ ಸಿಕ್ಕರೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಹೊಲದವರನ್ನು ಕೇಳಿಕೊಂಡೇ ಇಳಿಯಿರಿ. ಬೆಳಿಗ್ಗೆ ಏಳರ ಸುಮಾರಿಗೆ ಗಾಳಿ ಶಾಂತವಾಗಿರುತ್ತದೆ. ಆಷಾಢದ ಗಾಳಿ ಗಾಳಿಪಟಕ್ಕೆ ಬಿಡಿ. ಹದ್ದು ಸುತ್ತುತ್ತಿದ್ದರೆ ಸ್ವಲ್ಪ ಕಾಯಿರಿ, ಅವು ವಿಮಾನದ ಮೇಲೆರಗುವುದುಂಟು.

ಹಾರಿಸುವಾಗ

ಗಾಳಿಗೆ ಎದುರಾಗಿ ನಿಂತುಕೊಳ್ಳಿ. ಮುಕ್ಕಾಲು ಥ್ರಾಟಲ್ ಕೊಟ್ಟು, ಜೊತೆಯವರಿಂದ ನೇರವಾಗಿ, ಸಮತಟ್ಟಾಗಿ ಬಿಡಿಸಿ. ಮೇಲಕ್ಕೆ ಎಸೆಯಬಾರದು. ಮೊದಲ ಕೆಲಸ ಎತ್ತರ ಗಳಿಸುವುದು, ತಪ್ಪಿದರೆ ಸರಿಪಡಿಸಲು ಸಮಯ ಸಿಗುವುದು ಅಲ್ಲೇ. ಆಮೇಲೆ ಅರ್ಧ ಥ್ರಾಟಲ್‌ಗೆ ಇಳಿಸಿ, ಅಗಲವಾಗಿ ಸುತ್ತು ಹಾಕಿ. ವಿಮಾನ ಕುಸಿಯುತ್ತಿದೆ ಅನಿಸಿದಾಗ ಕೈ ತಾನಾಗಿ ಸ್ಟಿಕ್ಕನ್ನು ಹಿಂದಕ್ಕೆ ಎಳೆಯುತ್ತದೆ. ವೇಗವಿಲ್ಲದಾಗ ಹಾಗೆ ಎಳೆದರೆ ರೆಕ್ಕೆ ಹಿಡಿತ ಕಳೆದುಕೊಂಡು ವಿಮಾನ ಬೀಳುತ್ತದೆ. ಸ್ಟಿಕ್ ಸಡಿಲಿಸಿ, ಥ್ರಾಟಲ್ ಕೊಡಿ.

ಎಲ್ಲರಿಗೂ ಕಷ್ಟವಾಗುವುದು ವಿಮಾನ ನಮ್ಮ ಕಡೆ ಮುಖ ಮಾಡಿದಾಗ, ಏಕೆಂದರೆ ಎಡಬಲ ಅದಲುಬದಲಾಗುತ್ತದೆ. ಆಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ಅದು ಮೇಲೆದ್ದು ಸಮವಾಗುತ್ತದೆ. ಫೋನಿನ ಪಿಕಾಸಿಮ್‌ನಂಥ ಸಿಮ್ಯುಲೇಟರಿನಲ್ಲಿ ಒಂದೆರಡು ವಾರ ಇದನ್ನೇ ರೂಢಿಸಿಕೊಂಡರೆ ಪ್ರೊಪೆಲರ್ ದುಡ್ಡು ಉಳಿಯುತ್ತದೆ.

ಐದು ನಿಮಿಷಕ್ಕೆ ಟೈಮರ್ ಇಟ್ಟು ಇಳಿಸಿ. ಬೀಳುವುದು ಖಚಿತವಾದರೆ ತಕ್ಷಣ ಥ್ರಾಟಲ್ ಸೊನ್ನೆಗೆ ತನ್ನಿ.

ಮನೆಗೆ ಬಂದ ಮೇಲೆ

ಮುರಿದ ಇಪಿಒ ಫೋಮನ್ನು ಫೆವಿಕ್ವಿಕ್‌ನಂಥ ಅಂಟಿನಿಂದಲೇ ಕೂಡಿಸಬಹುದು. ಮಾಮೂಲಿ ಥರ್ಮೋಕೋಲ್ ಆದರೆ ಅದು ಕರಗುತ್ತದೆ, ಅದಕ್ಕೇ ಮೊದಲು ಒಂದು ಮೂಲೆಯಲ್ಲಿ ಹಚ್ಚಿ ನೋಡಿ. ಮೂಗು ಚಪ್ಪಟೆಯಾಗಿದ್ದರೆ ಕುದಿಯುವ ನೀರು ಹುಯ್ದರೆ ಫೋಮ್ ಮತ್ತೆ ಉಬ್ಬುತ್ತದೆ. ಒಳಗಿನ ಸರ್ವೋ, ವೈರುಗಳಿಗೆ ನೀರು ತಾಗದಿರಲಿ. ಬ್ಯಾಟರಿಯನ್ನು ಪೂರ್ತಿ ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿ ಮಾಡಿಯೂ ಇಡಬಾರದು. ಸೆಲ್ ಒಂದಕ್ಕೆ ಸುಮಾರು 3.8 ವೋಲ್ಟಿಗೆ ತಂದು, ಬೆಂಕಿ ಹತ್ತದ ಜಾಗದಲ್ಲಿಡಿ. ಚಾರ್ಜ್ ಮಾಡುವಾಗ ಪಕ್ಕದಲ್ಲೇ ಕೂತಿರಿ. ಉಬ್ಬಿದ ಬ್ಯಾಟರಿಯನ್ನು ಮತ್ತೆ ವಿಮಾನಕ್ಕೆ ಹಾಕಲೇಬೇಡಿ.