ಪಿಕಪ್ ಹೀಟರ್ ತಣ್ಣನೆ ಗಾಳಿ ಬಿಡ್ತಿದ್ಯಾ? ಮೊದಲು ಎರಡು ಪೈಪ್ ಮುಟ್ಟಿ ನೋಡಿ

ಡಿಸೆಂಬರ್ ಬಂತು ಅಂದರೆ ನಮ್ಮ ಸೋಮವಾರಪೇಟೆ ಕಡೆ ಬೆಳಗ್ಗೆ ಆರು ಗಂಟೆಗೆ ಅಂಗಳದಾಚೆಯ ಸಿಲ್ವರ್ ಮರವೂ ಕಾಣುವುದಿಲ್ಲ. ಅರೇಬಿಕಾ ಕೊಯ್ಲಿನ ಸಮಯ, ಮಂಜಿದೆ ಅಂತ ಪಿಕಪ್ ನಿಲ್ಲಿಸುವ ಹಾಗಿಲ್ಲ. ಹೀಟರ್ ಹಾಕಿದರೆ ತಣ್ಣನೆ ಗಾಳಿ. ಒಳಗಿನಿಂದ ಗಾಜು ಮಸುಕಾಗಿ, ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಸಂಪಾಜೆ ಘಾಟಿ ಇಳಿಯುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಹೋದ ವರ್ಷ ಪಕ್ಕದ ತೋಟದವರು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿಸಿ ಹೀಟರ್ ಕೋರ್ ಹೊಸದು ಹಾಕಿಸಿದರು. ಆಮೇಲೂ ತಣ್ಣನೆ ಗಾಳಿಯೇ. ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿತ್ತು, ಅಷ್ಟೇ.

ಹೀಟರ್‌ಗೆ ಬೇರೆ ಬೆಂಕಿ ಇಲ್ಲ. ಎಂಜಿನ್ನಿನ ಬಿಸಿ ನೀರು ಡ್ಯಾಶ್‌ಬೋರ್ಡ್ ಹಿಂದಿರುವ ಪುಟ್ಟ ರೇಡಿಯೇಟರ್ ಒಳಗೆ ಹರಿಯುತ್ತದೆ. ಅದರ ಮೇಲೆ ಫ್ಯಾನ್ ಗಾಳಿ ಊದುತ್ತದೆ. ಈ ಪುಟ್ಟ ರೇಡಿಯೇಟರ್ರೇ ಹೀಟರ್ ಕೋರ್.

ಮೊದಲು ನೀರು ನೋಡಿ. ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳವನ್ನೇ ತೆಗೆದು ನೋಡಬೇಕು, ಪಕ್ಕದ ಪ್ಲಾಸ್ಟಿಕ್ ಬಾಟಲಿ ನೋಡಿ ಸುಮ್ನಾಗಬೇಡಿ. ಮುಚ್ಚಳದ ರಬ್ಬರ್ ಹಾಳಾಗಿದ್ದರೆ ಬಾಟಲಿ ತುಂಬಿರುತ್ತದೆ, ರೇಡಿಯೇಟರ್ ಖಾಲಿ ಇರುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳಕ್ಕೆ ಮಾತ್ರ ಕೈ ಹಾಕಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಆಮೇಲೆ ಐದಾರು ಕಿಲೋಮೀಟರ್ ಓಡಿಸಿ. ಡೀಸೆಲ್ ಎಂಜಿನ್ ನಿಂತಲ್ಲೇ ಬೇಗ ಬಿಸಿ ಆಗುವುದಿಲ್ಲ. ಓಡಿಸಿದ ಮೇಲೂ ಟೆಂಪರೇಚರ್ ಮುಳ್ಳು ಕೆಳಗೇ ಇದ್ದರೆ ಥರ್ಮೋಸ್ಟಾಟ್ (ಎಂಜಿನ್ ಕಾಯುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್) ತೆರೆದೇ ಉಳಿದಿದೆ, ಇಲ್ಲವೇ ಯಾರೋ ಅದನ್ನು ತೆಗೆದೇ ಬಿಟ್ಟಿದ್ದಾರೆ. 'ತೆಗೆದುಬಿಡಿ, ಗಾಡಿ ತಂಪಾಗಿರುತ್ತೆ' ಅನ್ನುವ ಮಾತು ಗ್ಯಾರೇಜುಗಳಲ್ಲಿ ಬೇಕಾದಷ್ಟು ಕೇಳಿದ್ದೇನೆ. ನಮ್ಮ ಚಳಿಗೆ ಅದು ತಪ್ಪು. ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಹೊಸದು ಹಾಕಿ. ಹಾಕುವ ಮುಂಚೆ ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿ. ಉಗುರುಬೆಚ್ಚಗಿನ ನೀರಲ್ಲಿ ಮುಚ್ಚಿರಬೇಕು, ಕುದಿಯುವಾಗ ತೆರೆದಿರಬೇಕು. ಎಷ್ಟು ಡಿಗ್ರಿಗೆ ತೆರೆಯುತ್ತದೆ ಅಂತ ಅದರ ಮೇಲೇ ಒತ್ತಿರುತ್ತಾರೆ, 82 ಸಾಮಾನ್ಯ.

ಮುಳ್ಳು ಸರಿಯಾಗಿ ಮೇಲೆ ಬಂದರೆ ಈಗ ಆ ಎರಡು ಪೈಪ್. ಎಂಜಿನ್ ಕಡೆಯಿಂದ ಕ್ಯಾಬಿನ್ ತಗಡಿನ ಒಳಗೆ ಹೋಗುವ, ಹೆಬ್ಬೆರಳು ದಪ್ಪದ ರಬ್ಬರ್ ಪೈಪುಗಳು. ಹೀಟರ್ ಲಿವರ್ ಪೂರ್ತಿ ಬಿಸಿಗೆ ತಳ್ಳಿ, ಬೆಲ್ಟು-ಫ್ಯಾನಿಗೆ ಕೈ ತಾಗದ ಹಾಗೆ, ಹುಷಾರಾಗಿ ಮುಟ್ಟಿ. ಎರಡೂ ಬಿಸಿ ಇದ್ದರೆ ನೀರಿನ ತಪ್ಪಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಲಿವರ್ ಕೇಬಲ್ ಕ್ಲಿಪ್ಪಿನಿಂದ ಜಾರಿರುತ್ತದೆ, ಸಿಕ್ಕಿಸಿದರೆ ಆಯಿತು. ಒಂದು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ಕೋರ್ ಕಟ್ಟಿಕೊಂಡಿದೆ, ಅಥವಾ ಗಾಳಿ ನಿಂತಿದೆ, ಅಥವಾ ಪೈಪಿನಲ್ಲಿ ವಾಲ್ವ್ ಇರುವ ಗಾಡಿಯಾದರೆ ಅದು ತೆರೆಯುತ್ತಿಲ್ಲ. ಎರಡೂ ತಣ್ಣಗಿದ್ದರೆ ನೂರಕ್ಕೆ ತೊಂಬತ್ತು ಗಾಳಿಯೇ ಅನ್ನುತ್ತೇನೆ.

ಕಟ್ಟಿಕೊಂಡ ಕೋರ್‌ಗೆ ಎಂಜಿನ್ ಆರಿದ ಮೇಲೆ ಎರಡೂ ಪೈಪ್ ಬಿಚ್ಚಿ, ನೀರು ಹೊರಬರುವ ಕಡೆಯಿಂದ ಉಲ್ಟಾ, ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಡಿ. ಮೊದಲು ಕಾಫಿ ಕಷಾಯದ ಬಣ್ಣದ ನೀರು ಬರುತ್ತದೆ, ತಿಳಿಯಾಗುವ ತನಕ ಬಿಡಿ. ಆಸಿಡ್ ಬೇಡ, ಗಾಡಿ ತೊಳೆಯುವ ಪ್ರೆಶರ್ ಗನ್ನೂ ಬೇಡ. ಸೋರಿಕೆ ನಿಲ್ಲಿಸುತ್ತದೆ ಅಂತ ಮಾರುವ ಪುಡಿ ಹಾಕಿದ ಗಾಡಿಗಳ ಕೋರ್ ಕಟ್ಟಿಕೊಳ್ಳುವುದನ್ನು ನೋಡಿದ್ದೇನೆ, ಅದನ್ನು ದಯವಿಟ್ಟು ಕೊಳ್ಳಬೇಡಿ. ಬೋರ್‌ವೆಲ್ ನೀರೂ ಒಳಗೆ ಉಪ್ಪು ಕಟ್ಟಿಸುತ್ತದೆ. ಕೂಲಂಟ್ ಅರ್ಧ, ಡಿಸ್ಟಿಲ್ಡ್ ವಾಟರ್ ಅರ್ಧ, ನಾನು ಬೇರೆ ಏನನ್ನೂ ಹಾಕುವುದಿಲ್ಲ.

ಈಗ ಗಾಳಿ ತೆಗೆಯುವ ಕೆಲಸ. ಎಲ್ಲರೂ ಎಡವುವುದು ಇಲ್ಲೇ. ಗಾಡಿಯ ಮೂತಿ ಮೇಲಕ್ಕೆ ಬರುವ ಹಾಗೆ ಏರಿನಲ್ಲಿ ನಿಲ್ಲಿಸಿ. ಕೊಡಗಿನಲ್ಲಿ ಏರು ಹುಡುಕಬೇಕಾ? ಗಾಳಿ ಮೇಲಕ್ಕೇ ಹೋಗುವುದರಿಂದ ರೇಡಿಯೇಟರ್ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿರಬೇಕು. ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲ್ ಮಾಡಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಹೀಟರ್ ಲಿವರ್ ಪೂರ್ತಿ ಬಿಸಿಯಲ್ಲೇ ಇರಲಿ. ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದು ಕೂಲಂಟನ್ನು ಲೋಟ ಲೋಟವಾಗಿ, ನಿಧಾನಕ್ಕೆ ಸುರಿಯಿರಿ. ಒಮ್ಮೆಗೇ ಸುರಿದರೆ ಗಾಳಿ ಕೆಳಗೇ ಉಳಿಯುತ್ತದೆ. ನಡುನಡುವೆ ರೇಡಿಯೇಟರ್‌ನ ಮೇಲಿನ ದಪ್ಪ ಪೈಪನ್ನು ಅಂಗೈಯಲ್ಲಿ ಹಿಸುಕಿ ಬಿಡಿ, ಗುಳುಗುಳು ಅಂತ ಗುಳ್ಳೆ ಬರುತ್ತದೆ.

ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕದೆ ಎಂಜಿನ್ ಸ್ಟಾರ್ಟ್ ಮಾಡಿ. ಮುಖ ದೂರ ಇರಲಿ. ಹತ್ತು ನಿಮಿಷವಾದ ಮೇಲೆ ನೀರು ಶಾಂತವಾಗಿ ಕಾಣುತ್ತದೆ, ಆಗಲೇ 'ಆಯ್ತು' ಅಂತ ಮುಚ್ಚಿಬಿಡುತ್ತಾರೆ. ಆಗಿಲ್ಲ! ಥರ್ಮೋಸ್ಟಾಟ್ ಇನ್ನೂ ತೆರೆದಿಲ್ಲ. ಕಾಯಿರಿ, ಅರ್ಧ ಗಂಟೆಯಾದರೂ ಕಾಯಿರಿ. ಬೆಚ್ಚಗಿದ್ದ ಮೇಲಿನ ಪೈಪ್ ಇದ್ದಕ್ಕಿದ್ದಂತೆ ಸುಡತೊಡಗುತ್ತದೆ, ಅದೇ ಹೊತ್ತಿಗೆ ದೊಡ್ಡದೊಂದು ಗುಳ್ಳೆ ಬಂದು ನೀರಿನ ಮಟ್ಟ ಸರ್ರನೆ ಇಳಿಯುತ್ತದೆ. ನೀವು ಕಾಯುತ್ತಿದ್ದದ್ದು ಇದಕ್ಕೇ. ಮತ್ತೆ ತುಂಬಿಸಿ, ಇನ್ನೊಬ್ಬರಿಗೆ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಹಿಡಿಯಲು ಹೇಳಿ, ಇಳಿದಷ್ಟು ಹಾಕಿ, ಮುಚ್ಚಳ ಮುಚ್ಚಿ. ಈಗ ಹೀಟರಿನ ಎರಡೂ ಪೈಪ್ ಬಿಸಿ ಇರಬೇಕು.

ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದಿದ್ದರೆ, ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇದ್ದರೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ಸೀಲು) ಹೋಗಿರಬಹುದು. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ, ಗ್ಯಾರೇಜಿಗೆ ಕೊಡಿ.

ಮಾರನೇ ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಇನ್ನೊಮ್ಮೆ ಮುಚ್ಚಳ ತೆಗೆದು ನೋಡಿ, ಅರ್ಧ ಲೋಟ ಹಿಡಿದೇ ಹಿಡಿಯುತ್ತದೆ. ನೆಲಕ್ಕೆ ಚೆಲ್ಲಿದ ಕೂಲಂಟನ್ನು ಆಗಲೇ ತೊಳೆದುಬಿಡಿ. ರುಚಿ ಸಿಹಿ ಇರುತ್ತದೆ, ತೋಟದ ನಾಯಿಗಳು ನೆಕ್ಕುತ್ತವೆ, ಸ್ವಲ್ಪವೇ ಹೋದರೂ ಕಿಡ್ನಿ ಕೆಟ್ಟು ಸಾಯುತ್ತವೆ. ಹಳೆಯದನ್ನು ಮುಚ್ಚಳವಿರುವ ಕ್ಯಾನಿಗೆ ತುಂಬಿಸಿ ಎತ್ತರದಲ್ಲಿಡಿ.