ಇಸವಿ ಅಳಿಸಿ ಮೈದಾನಕ್ಕೆ ಇಳಿದೆವು

ಅಗ್ನಿಶಾಮಕ ತರಬೇತಿ ಶಾಲೆಯಲ್ಲಿ ನಾನು ಹನ್ನೊಂದು ವರ್ಷ ಡ್ರಿಲ್ ಹೇಳಿಕೊಟ್ಟೆ. ಏಣಿ, ಹೋಸ್, ಪಂಪು, ಪರೇಡು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುವಷ್ಟು ಬಾಯಿಪಾಠ. ಒಂದು ಬ್ಯಾಚಿನ ಹೊತ್ತಿಗೆ ಟೈಮ್‌ಟೇಬಲ್‌ನಲ್ಲಿ ಹೊಸ ಪೀರಿಯಡ್ ಬಂತು: ಸಮವಸ್ತ್ರ ಸೇವೆಗಳ ಚರಿತ್ರೆ. ಮಧ್ಯಾಹ್ನ ಊಟ ಆದ ತಕ್ಷಣ, 40 ನಿಮಿಷ. ಕಲಿಸುವುದು ನಮ್ಮಿಂದಾಗಲ್ಲ ಅಂತ ಉಳಿದ ಇನ್‌ಸ್ಟ್ರಕ್ಟರುಗಳೆಲ್ಲ ಕೈ ತೊಳೆದುಕೊಂಡರು. ಅವತ್ತು ನಾನು ರಜೆಯಲ್ಲಿದ್ದೆ, ಹಾಗಾಗಿ ನನ್ನ ಹೆಸರು ಬರೆದರು.

ಮೊದಲ ಕ್ಲಾಸಿನಲ್ಲಿ ಬೋರ್ಡಿನ ತುಂಬ ಇಸವಿ ಬರೆದೆ. ರೋಮ್, ಹಾಲೆಂಡ್, ಲಂಡನ್. ತಿರುಗಿ ನೋಡಿದರೆ ಹಿಂದಿನ ಎರಡು ಸಾಲು ಪೂರ್ತಿ ನಿದ್ದೆ. ಬೆಳಗಿನಿಂದ ಏಣಿ ಹೊತ್ತು ಓಡಿದವರು, ಅವರನ್ನು ಬೈದು ಏನು ಪ್ರಯೋಜನ? ಎಚ್ಚರ ಇದ್ದ ಒಬ್ಬ ಹುಡುಗ ಮಾತ್ರ ಕೈ ಎತ್ತಿದ. ‘ಸಾರ್, ಏಣಿ ಡ್ರಿಲ್‌ನಲ್ಲಿ ಒಂದೊಂದು ಹೆಜ್ಜೆಗೂ ನಂಬರ್ ಯಾಕೆ? ಸುಮ್ನೆ ಎತ್ತಿ ನಿಲ್ಲಿಸಿದರೆ ಆಗಲ್ವಾ?’

ನನ್ನ ಬಾಯಿಗೆ ಬಂದದ್ದು ‘ಹೇಳಿದಷ್ಟು ಮಾಡಪ್ಪ’ ಅನ್ನೋ ಮಾತು. ನಮಗೆ ಕಲಿಸಿದವರೂ ಹಾಗೇ ಹೇಳಿದ್ದರು. ಆದರೆ ಬೋರ್ಡಿನ ಮೇಲೆ ನಾನೇ ಬರೆದ 1607 ಅನ್ನೋ ಇಸವಿ ಕಣ್ಣಿಗೆ ಬಿತ್ತು. ಉತ್ತರ ಅಲ್ಲೇ ಇತ್ತು.

ಆಗಿನ ಡಚ್ ಸೈನಿಕ ಬಂದೂಕಿಗೆ ಮದ್ದು ತುಂಬುವಾಗ ಅವನ ಕೈಯಲ್ಲೇ ಹೊತ್ತಿ ಉರಿಯುವ ಬತ್ತಿ ಇರುತ್ತಿತ್ತು. ಎದೆಯ ಮೇಲೆ ಮದ್ದಿನ ಡಬ್ಬಿಗಳ ಸಾಲು. ಪಕ್ಕದಲ್ಲಿ ಇನ್ನೊಬ್ಬ, ಅವನ ಕೈಯಲ್ಲೂ ಬತ್ತಿ. ಒಬ್ಬ ಬೇಗ, ಒಬ್ಬ ನಿಧಾನ ಆದರೆ ಶತ್ರುವೇ ಬೇಕಿಲ್ಲ. ಅದಕ್ಕೇ ಡಚ್ ಸೇನಾಪತಿ, ನಸ್ಸೌ ಮನೆತನದ ಮಾರಿಸ್ ಮತ್ತು ಅವನ ಸಂಬಂಧಿಗಳು ಮದ್ದು ತುಂಬುವ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದರು. ಒಂದೊಂದಕ್ಕೂ ಒಂದು ಆಜ್ಞೆ. ಯಾಕೊಬ್ ದ ಹೇಯ್ನ್ ಅನ್ನೋ ಚಿತ್ರಗಾರ ಇವನ್ನೆಲ್ಲ ಬಿಡಿಸಿದ. 1607ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಹಗುರ ಬಂದೂಕಿಗೆ 42, ಭಾರದ ಬಂದೂಕಿಗೆ 43, ಉದ್ದ ಈಟಿಗೆ 32, ಒಟ್ಟು 117 ಚಿತ್ರಗಳಿವೆ. ಓದು ಬಾರದವನೂ ನೋಡಿ ಕಲಿಯಬಹುದಿತ್ತು.

ಇದನ್ನು ಬಾಯಲ್ಲಿ ಹೇಳುವ ಬದಲು ಮರುದಿನ ಎಲ್ಲರನ್ನೂ ಮೈದಾನಕ್ಕೆ ಕರೆದುಕೊಂಡು ಹೋದೆ. ಒಬ್ಬೊಬ್ಬರ ಕೈಗೂ ಒಂದು ಕೋಲು, ಒಂದು ತುಂಡು ಹಗ್ಗ. ಹಗ್ಗದ ತುದಿಗೆ ಇದ್ದಿಲ ಪುಡಿ ಮೆತ್ತಿದ್ದೆ. ಅದೇ ಉರಿಯುವ ಬತ್ತಿ. ‘ಮದ್ದು ತುಂಬಿ, ಗುರಿ ಇಡಿ, ನಿಮಗೆ ಇಷ್ಟ ಬಂದ ಹಾಗೆ’ ಅಂದೆ. ಒಂದು ನಿಮಿಷದಲ್ಲಿ ಮುಕ್ಕಾಲು ಪಾಲು ಜನರ ಅಂಗಿಗೆ ಕಪ್ಪು ಹತ್ತಿತ್ತು. ಆಮೇಲೆ ನಂಬರ್ ಕೂಗಿ ಮಾಡಿಸಿದೆ. ನಾಲ್ಕನೇ ಸಲಕ್ಕೆ ಒಬ್ಬನಿಗೂ ಕಲೆ ಇಲ್ಲ. ಪ್ರಶ್ನೆ ಕೇಳಿದ ಹುಡುಗ ತನ್ನ ತೋಳಿನ ಕಪ್ಪು ನೋಡಿಕೊಂಡು ನಕ್ಕ. ಏಣಿಯ ಬಗ್ಗೆ ಮತ್ತೆ ಕೇಳಲಿಲ್ಲ. (ಅಂಗಿಗಳ ವಿಷಯಕ್ಕೆ ಸ್ಟೋರಿನವರು ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ.)

ಅಲ್ಲಿಂದ ಪಾಠ ಹೀಗೇ ನಡೆಯಿತು. ಮೊದಲು ಮೈಗೆ, ಆಮೇಲೆ ಕಿವಿಗೆ.

ರೋಮನ್ನರ ಪಾಠದಲ್ಲಿ ನಾನೇ ಎಡವಿದೆ. ವೆಜಿಟಿಯಸ್ ಅನ್ನೋ ಬರಹಗಾರ ಹೊಸಬರ ತರಬೇತಿ ಬಗ್ಗೆ ವಿವರವಾಗಿ ಬರೆದಿಟ್ಟಿದ್ದಾನೆ. ನೆಲದಲ್ಲಿ ಆರಡಿ ಕಂಬ ನೆಟ್ಟು, ನಿಜವಾದ ಕತ್ತಿಯ ಎರಡು ಪಟ್ಟು ತೂಕದ ಮರದ ಕತ್ತಿಯಿಂದ ಅದರ ಮೇಲೆ ಅಭ್ಯಾಸ. ಬೀಸಿ ಹೊಡೆಯಬಾರದು, ಚುಚ್ಚಬೇಕು, ಬೀಸಿದರೆ ಕಂಕುಳು ತೆರೆದುಕೊಳ್ಳುತ್ತೆ. ಇದೆಲ್ಲ ಚೆನ್ನಾಗಿ ನಡೆಯಿತು. ನಡಿಗೆಯಲ್ಲಿ ಕೆಟ್ಟಿತು. ಬೇಸಿಗೆಯ ಐದು ತಾಸಿನಲ್ಲಿ 20 ರೋಮನ್ ಮೈಲಿ, ಅಂದರೆ ಸುಮಾರು 30 ಕಿ.ಮೀ. ನಡೆಯಬೇಕು ಅಂತ ಅವನ ಲೆಕ್ಕ. ಪೂರ್ತಿ ಬೇಡ, ಅರ್ಧ ಸಾಕು ಅಂತ ಹುಡುಗರನ್ನು 15 ಕಿ.ಮೀ. ಎರಡೂವರೆ ತಾಸಿನಲ್ಲಿ ನಡೆಸಿದೆ, ಬೆನ್ನ ಮೇಲೆ ಚೀಲ ಹೊರಿಸಿ. ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಬೊಬ್ಬೆ ಇಲ್ಲದ ಕಾಲು ಹುಡುಕಬೇಕಿತ್ತು.

ತಪ್ಪು ಆಮೇಲೆ ತಿಳಿಯಿತು. ರೋಮನ್ನರು ಹಗಲನ್ನು, ಅದು ಉದ್ದ ಇರಲಿ ಗಿಡ್ಡ ಇರಲಿ, 12 ಪಾಲು ಮಾಡುತ್ತಿದ್ದರು. ನಡು ಬೇಸಿಗೆಯಲ್ಲಿ ಅಲ್ಲಿ ಹಗಲು 15 ತಾಸಿನಷ್ಟು. ಹಾಗಾಗಿ ಅವರ ಬೇಸಿಗೆಯ ಒಂದು ತಾಸು ನಮ್ಮ ಸುಮಾರು 75 ನಿಮಿಷ. ನನ್ನ ಹುಡುಗರಿಗೆ ಮೂರು ತಾಸಿಗೂ ಸ್ವಲ್ಪ ಜಾಸ್ತಿ ಹೊತ್ತು ಸಿಗಬೇಕಿತ್ತು. ಮರುದಿನ ಸ್ಕ್ವಾಡಿನ ಮುಂದೆ ನಿಂತು ಲೆಕ್ಕ ತಪ್ಪಿದ್ದು ನಾನು ಅಂತ ಹೇಳಿದೆ. ಇನ್‌ಸ್ಟ್ರಕ್ಟರ್ ತಪ್ಪೊಪ್ಪಿಕೊಂಡರೆ ಹಿಡಿತ ಹೋಗುತ್ತೆ ಅಂತ ಜೊತೆಯವರು ಗೊಣಗಿದರು. ನನಗೇನೋ ಹಿಡಿತ ಹೋದಂತೆ ಕಾಣಲಿಲ್ಲ.

1778ರ ಕತೆ ನನಗೆ ತುಂಬ ಇಷ್ಟ. ಪ್ರಷ್ಯಾದ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಸ್ಟೂಬೆನ್, ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯಕ್ಕೆ ಹೋರಾಡುತ್ತಿದ್ದ ಅಮೆರಿಕದ ಸೈನ್ಯದ ವ್ಯಾಲಿ ಫೋರ್ಜ್ ಶಿಬಿರಕ್ಕೆ ಫೆಬ್ರವರಿಯಲ್ಲಿ ಕಾಲಿಟ್ಟ. ಇಂಗ್ಲಿಷ್ ಅಷ್ಟಕ್ಕಷ್ಟೆ. ಪಾಠಗಳನ್ನು ಫ್ರೆಂಚಿನಲ್ಲಿ ಬರೆದು ಅನುವಾದ ಮಾಡಿಸುತ್ತಿದ್ದ. ಬೈಗುಳಕ್ಕೂ ಬೇರೆಯವರ ಸಹಾಯ ಬೇಕಿತ್ತಂತೆ. ಸುಮಾರು ನೂರು ಜನರ ಒಂದು ಮಾದರಿ ತುಕಡಿಯನ್ನು ತಾನೇ ನಿಂತು ತಯಾರು ಮಾಡಿದ. ಅವರು ಹೋಗಿ ಉಳಿದವರಿಗೆ ಕಲಿಸಿದರು. ಅಧಿಕಾರಿ ಡ್ರಿಲ್ ಮಾಡಿಸುವುದು ಅಂದರೆ ಆಗ ಮರ್ಯಾದೆಗೆ ಕಡಿಮೆ, ಅದು ಸಾರ್ಜೆಂಟರ ಕೆಲಸ. ಆಮೇಲೆ ಯುರೋಪಿನ ಗೆಳೆಯನಿಗೆ ಬರೆದ ಕಾಗದದಲ್ಲಿ ಅವನು ಒಂದು ಮಾತು ಹೇಳುತ್ತಾನೆ: ನಿಮ್ಮ ಸೈನಿಕನಿಗೆ ಮಾಡು ಅಂದರೆ ಮಾಡುತ್ತಾನೆ, ಇಲ್ಲಿಯವನಿಗೆ ಯಾಕೆ ಅಂತ ಮೊದಲು ಹೇಳಬೇಕು. ಈ ಕಾಗದದ ವಿಷಯ ಗೊತ್ತಾದ ದಿನ ನನ್ನ ಆ ಹುಡುಗ ನೆನಪಾದ.

ಯಾರನ್ನು ಸೇರಿಸಿಕೊಳ್ಳಬೇಕು ಅನ್ನೋ ಭಾಗಕ್ಕೆ ಎರಡೇ ಕ್ಲಾಸು ಕೊಟ್ಟೆ. ಬ್ರಿಟಿಷ್ ನೌಕಾಪಡೆ ಹಡಗಿನ ಕೆಲಸ ಬಲ್ಲವರನ್ನು ಬಂದರಿನಲ್ಲೇ ಹಿಡಿದು ಎಳೆದೊಯ್ಯುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ಕತೆ. 1829ರಲ್ಲಿ ಲಂಡನ್ ಪೊಲೀಸ್ ಶುರುವಾದಾಗ ಎತ್ತರ, ವಯಸ್ಸು, ಓದುಬರಹ ಎಲ್ಲ ನೋಡಿಯೇ ತೆಗೆದುಕೊಂಡರು. ಆದರೂ ಒಂದನೇ ನಂಬರಿನ ಕಾನ್‌ಸ್ಟೇಬಲ್ ಮೊದಲ ದಿನವೇ ಕುಡಿದು ಸಿಕ್ಕಿಬಿದ್ದು ಮನೆಗೆ ಹೋದ. ಈ ಕತೆಗೆ ಹಿಂದಿನ ಸಾಲೂ ಎದ್ದು ಕೂತಿತು.

ನಮ್ಮ ಇಲಾಖೆಯವನು ಅಂದರೆ ಜೇಮ್ಸ್ ಬ್ರೈಡ್‌ವುಡ್. 1824ರಲ್ಲಿ ಎಡಿನ್‌ಬರೋದ ಅಗ್ನಿಶಾಮಕ ದಳ ಕಟ್ಟಿದಾಗ ಅವನಿಗಿನ್ನೂ 24ರ ಆಸುಪಾಸು. ಅವನು ಆರಿಸಿದ್ದು ಹೆಂಚು ಹೊದಿಸುವವರು, ಬಡಗಿಗಳು, ಗಾರೆ ಕೆಲಸದವರು, ಕೊಳಾಯಿಯವರು. ಮನೆ ಕಟ್ಟುವವನಿಗೆ ಯಾವ ತೊಲೆ ಎಲ್ಲಿ ಕೂತಿದೆ, ಯಾವ ಗೋಡೆ ಬೀಳುತ್ತೆ ಅಂತ ಗೊತ್ತಿರುತ್ತೆ, ಅಲ್ವಾ? ವಾರಕ್ಕೊಮ್ಮೆ ಬೆಳಗಿನ ಜಾವ ನಾಲ್ಕಕ್ಕೆ ಡ್ರಿಲ್. ರಸ್ತೆ ಖಾಲಿ, ಕತ್ತಲೆ, ಬಿಸಿ ಹಾಸಿಗೆಯಿಂದ ಎದ್ದು ಬಂದ ಮೈ. ಬೆಂಕಿಯ ಕರೆ ಬರುವುದೂ ಹಾಗೇ. ಆಮೇಲೆ ಲಂಡನ್ನಿನ ದಳದ ಮುಖ್ಯಸ್ಥನಾದ ಬ್ರೈಡ್‌ವುಡ್, 1861ರಲ್ಲಿ ಅಲ್ಲಿನ ಟೂಲಿ ಸ್ಟ್ರೀಟ್ ಬೆಂಕಿಯಲ್ಲಿ ಗೋಡೆ ಬಿದ್ದು ಸತ್ತ. ಅವನ ಜಾಗಕ್ಕೆ ಬಂದ ಶಾ, ನಾವಿಕರನ್ನೇ ಹುಡುಕಿದ. ಹತ್ತುವುದು, ಹಗ್ಗ, ಹಗಲು ರಾತ್ರಿ ಸರದಿ ಕೆಲಸ, ಮೂರೂ ಅವರಿಗೆ ರೂಢಿ. ಇಬ್ಬರಲ್ಲಿ ಯಾರು ಸರಿ ಅಂತ ಕ್ಲಾಸಿನಲ್ಲಿ ಜಗಳವೇ ಆಯಿತು. ನಾನು ಬ್ರೈಡ್‌ವುಡ್ ಕಡೆ.

ಒಂದು ಪಾಠ ಮಾತ್ರ ಮೈದಾನದಲ್ಲಿ ಮಾಡಲಿಲ್ಲ. 1956ರ ಏಪ್ರಿಲ್ 8ರ ರಾತ್ರಿ, ಅಮೆರಿಕದ ಮರೀನ್ ಪಡೆಯ ತರಬೇತಿ ನೆಲೆ ಪ್ಯಾರಿಸ್ ಐಲೆಂಡ್‌ನಲ್ಲಿ ಒಬ್ಬ ಡ್ರಿಲ್ ಇನ್‌ಸ್ಟ್ರಕ್ಟರ್ ಶಿಸ್ತು ಕಲಿಸುತ್ತೇನೆ ಅಂತ ತನ್ನ ಹೊಸಬರನ್ನು ರಿಬ್ಬನ್ ಕ್ರೀಕ್ ಅನ್ನೋ ಹೊಳೆಗೆ ಇಳಿಸಿದ. ಆರು ಜನ ಮುಳುಗಿ ಸತ್ತರು. ಆಮೇಲೆ ಇನ್‌ಸ್ಟ್ರಕ್ಟರುಗಳ ಆಯ್ಕೆ, ಮೇಲ್ವಿಚಾರಣೆ ಎಲ್ಲ ಬಿಗಿಯಾಯಿತು. ಬಿಸಿಲು, ತೇವ, ಗಾಳಿ ಮೂರನ್ನೂ ಸೇರಿಸಿ ಶಾಖ ಅಳೆದು, ಜಾಸ್ತಿ ಆದರೆ ಡ್ರಿಲ್ ನಿಲ್ಲಿಸುವ ಪದ್ಧತಿ ಬೆಳೆದದ್ದೂ ಅದೇ ದಶಕದಲ್ಲಿ, ಅದೇ ಜಾಗದಲ್ಲಿ. ಇದನ್ನು ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು. ಹಿಂದೊಮ್ಮೆ ಸಿಟ್ಟಿನಲ್ಲಿ ಉರಿಬಿಸಿಲಿಗೆ ಒಬ್ಬನನ್ನು ಸುತ್ತು ಓಡಿಸಿದ್ದೆ. ಆರನೇ ಸುತ್ತಿಗೆ ಬಿದ್ದ. ಉಳಿದ, ಸದ್ಯ. ಅದನ್ನೂ ಹೇಳಿದೆ.

ಬ್ಯಾಚು ಮುಗಿಯುವ ವಾರ ಅದೇ ಹುಡುಗ ಮತ್ತೆ ಬಂದ. ‘ಸಾರ್, ಹೋಸ್ ಡ್ರಿಲ್‌ನಲ್ಲಿ ಮೈದಾನದ ನಡುವೆ ಎಡಕ್ಕೆ ಬಳಸಿ ಯಾಕೆ ಓಡಬೇಕು? ನೇರ ಹೋದರೆ ಹತ್ತಿರ.’ ಎಷ್ಟು ಪುಸ್ತಕ ತಿರುವಿದರೂ ಉತ್ತರ ಸಿಗುವಂಥದ್ದಲ್ಲ. ನಿವೃತ್ತಿ ಆಗಿದ್ದ ನಮ್ಮ ಹಳೆಯ ಇನ್‌ಸ್ಟ್ರಕ್ಟರಿಗೆ ಫೋನ್ ಮಾಡಿ ಕೇಳಿದೆ.

‘ಅಲ್ಲೊಂದು ಮರ ಇತ್ತಂತೆ ಕಣಯ್ಯ’ ಅಂದರು. ‘ನಾನು ಸೇರೋ ಹೊತ್ತಿಗೇ ಕಡಿದಿದ್ದರು.’

ಮರುದಿನ ಸ್ಕ್ವಾಡ್ ನೇರ ಓಡಿತು. ಹಿಂದೆ ಓಡುತ್ತಿದ್ದ ನಾನು ಮಾತ್ರ ಬಳಸಿಕೊಂಡೇ ಹೋದೆ.